ಹಳೆಯ ಮುರಕಲ್ಲಿನ ಮನೆ: ಗೋಡೆಯ ತೇವದ ಬಗ್ಗೆ ಸಲಹೆ ಬೇಕು

ಕಾಸರಗೋಡಿನ ಬದಿಯಡ್ಕದ ಬಳಿ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ, ಹಂಚು ಹೊದಿಸಿದ ಹಳೆಯ ಮನೆಯೊಂದನ್ನು ಕೊಳ್ಳುವ ಮಾತುಕತೆಯಲ್ಲಿದ್ದೇವೆ. ಋಣಭಾರ ಪ್ರಮಾಣಪತ್ರ ತೆಗೆಸಿದ್ದೇವೆ. ಗ್ರಾಮ ಕಚೇರಿಯ ಭೂತೆರಿಗೆ ಹಾಗೂ ಪಂಚಾಯತಿನ ಕಟ್ಟಡ ತೆರಿಗೆಯ ರಶೀದಿಗಳೂ ಸರಿಯಾಗಿವೆ, ಆದುದರಿಂದ ಕಾಗದಪತ್ರಗಳ ಚಿಂತೆಯಿಲ್ಲ. ಹಂಚನ್ನು ಹೊರುವ ಮರದ ಪಕ್ಕಾಸುಗಳಿಗೆ ಅಲ್ಲಲ್ಲಿ ಗೆದ್ದಲು ಹಿಡಿದಿದ್ದರೂ ಬದಲಾಯಿಸಬಹುದೆಂದು ಆಚಾರಿಯವರು ಹೇಳಿದ್ದಾರೆ.

ತೊಡಕಿರುವುದು ಪಡುವಣ ಗೋಡೆಯಲ್ಲಿ. ಮೊಣಕಾಲೆತ್ತರದವರೆಗೆ ಸಿಮೆಂಟ್ ಗಾರೆ ಉಬ್ಬಿ ಬಿಳಿ ಉಪ್ಪು ಒಸರುತ್ತಿದ್ದು, ಬೆರಳಿನಿಂದ ಕೆರೆದರೆ ಒಳಗಿನ ಕಲ್ಲೇ ಪುಡಿಯಾಗಿ ಉದುರುತ್ತದೆ. ಸಿಮೆಂಟ್ ತೇವವನ್ನು ಒಳಗೇ ತಡೆಹಿಡಿದಿದೆ, ಅದನ್ನು ಕಿತ್ತು ಸುಣ್ಣದ ಗಾರೆ ಬಳಿದರೆ ಸಾಕೆಂದು ಒಬ್ಬ ಮೇಸ್ತ್ರಿಯೂ, ಪಂಚಾಂಗವೇ (ಅಡಿಪಾಯವೇ) ಕುಸಿದಿದೆಯೆಂದು ಇನ್ನೊಬ್ಬರೂ ಹೇಳುತ್ತಾರೆ. (ಮಾರುವವರಿಗೆ ಇದು ಬರೀ ಮಳೆಗಾಲದ ಪಸೆ!)

ಮುಂಗಡ ಕೊಡುವ ಮುನ್ನ, ಇವೆರಡರಲ್ಲಿ ಯಾವುದು ನಿಜವೆಂದು ಗೋಡೆ ಕೆಡವದೆ ಪರೀಕ್ಷಿಸುವುದು ಹೇಗೆ?