ಡ್ರಮ್‌ ಮೇಲಿನ ಟ್ಯಾಗ್‌ಗೆ ನೀರು ಗೊತ್ತಾಗುತ್ತೆ, ಕುಸುಬಿ ಎಣ್ಣೆ ಗೊತ್ತಾಗಲ್ಲ. ಯಾಕೆ?

ಗಾಣದಮನೆ, ಕಲಬುರಗಿ

ಎಲ್ಲರಿಗೂ ಶರಣು. ಆಳಂದ ರಸ್ತೆ ಕಡೆ ನಮ್ಮದೊಂದು ಸಣ್ಣ ಗಾಣ ಇದೆ. ಕುಸುಬಿ, ಶೇಂಗಾ ಎರಡೂ ಹಾಕುತ್ತೇವೆ. ಎಣ್ಣೆ ತೆಗೆದ ಮೇಲೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಮಡ್ಡಿ ಕೂಡುವ ತನಕ ಬಿಡುತ್ತೇವೆ. ಅಂಥವು ಆರು ಇವೆ, ಎಲ್ಲ ಕಟ್ಟೆ ಮೇಲೆ.

ಅಪ್ಪ ದಿನಾ ಬೆಳಿಗ್ಗೆ ಕಟ್ಟೆ ಹತ್ತಿ, ಒಂದೊಂದೇ ಮುಚ್ಚಳ ತೆಗೆದು, ಬಿದಿರಿನ ಕೋಲು ಇಳಿಸಿ ಎಷ್ಟಿದೆ ಅಂತ ನೋಡುತ್ತಾರೆ. ಕೋಲಿಗೆ ಅವರೇ ಚಾಕುವಿನಿಂದ ಗೀರು ಹಾಕಿದ್ದಾರೆ. ಗೀರಿನೊಳಗೆ ಎಣ್ಣೆ ಇಳಿದು ಇಳಿದು ಕಪ್ಪಾಗಿದೆ. ಈಗ ಅವರ ಮೊಣಕಾಲು ಮೊದಲಿನ ಹಾಗಿಲ್ಲ. ಹೋದ ತಿಂಗಳು ಇಳಿಯುವಾಗ ಕಾಲು ಜಾರಿತು. ಕೈ ಊರಿಕೊಂಡರು, ಪುಣ್ಯಕ್ಕೆ ಏನೂ ಆಗಲಿಲ್ಲ. ಮುಚ್ಚಳ ತೆಗೆದಾಗೆಲ್ಲ ಧೂಳು ಬೀಳುವುದು ಬೇರೆ. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ.

ಗೋದಾಮಿನಲ್ಲಿ ಕೆಲಸ ಮಾಡುವ ಗೆಳೆಯ ಇಪ್ಪತ್ತು ಆರ್‌ಎಫ್‌ಐಡಿ ಸ್ಟಿಕ್ಕರ್ ಟ್ಯಾಗ್ (ರೇಡಿಯೊ ಅಲೆಯಲ್ಲಿ ತನ್ನ ಸಂಖ್ಯೆ ಹೇಳುವ ಚಿಪ್ಪಿನ ಚೀಟಿ) ಕೊಟ್ಟ, ಅವನ್ನು ಓದಲು ಎರಡು ದಿನಕ್ಕೆ ಕೈಯಲ್ಲಿ ಹಿಡಿಯುವ ರೀಡರ್ ಕೂಡ ಕೊಟ್ಟ. ಖಾಲಿ ಡ್ರಮ್‌ಗೆ ಹೊರಗಿನಿಂದ ಹತ್ತು ಹತ್ತು ಸೆಂಟಿಮೀಟರಿಗೆ ಒಂದರಂತೆ ಎಂಟು ಟ್ಯಾಗ್ ಅಂಟಿಸಿ ನೀರು ಬಿಟ್ಟೆ. ಪರದೆ ಮೇಲೆ ಎಂಟು ಇದ್ದದ್ದು ಏಳಾಯಿತು, ಆರಾಯಿತು. ನೀರು ಎಲ್ಲಿಗೆ ಬಂತೋ ಅಲ್ಲಿಯ ಟ್ಯಾಗ್ ಸುಮ್ಮನಾಗುತ್ತಾ ಹೋಯಿತು. ಖುಷಿಯಿಂದ ಎಣ್ಣೆ ಡ್ರಮ್‌ಗೂ ಹಾಗೇ ಅಂಟಿಸಿದೆ. ತುಂಬಿದ್ದರೂ ಎಂಟು, ಅರ್ಧ ಇದ್ದರೂ ಎಂಟು. ಒಂದೂ ಸುಮ್ಮನಾಗಲ್ಲ. ಟ್ಯಾಗ್ ಕೆಟ್ಟಿದೆಯಾ ಅಂತ ಅಂಗೈ ಒತ್ತಿ ಹಿಡಿದರೆ ತಕ್ಷಣ ಸುಮ್ಮನಾಯಿತು. ನನ್ನ ತಪ್ಪು ಎಲ್ಲಿದೆ?

ರೇಡಿಯೊ_ಮೇಷ್ಟ್ರು, ಯಾದಗಿರಿ

ತಪ್ಪೇನೂ ಇಲ್ಲ ತಮ್ಮಾ. ಅಂಗೈ ಇಟ್ಟು ನೋಡಿದೆಯಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ನಮ್ಮ ಮೈಯಲ್ಲಿ ಇರೋದು ಬಹಳಷ್ಟು ನೀರೇ.

ಈ ಸ್ಟಿಕ್ಕರ್‌ನಲ್ಲಿ ಬ್ಯಾಟರಿ ಇರಲ್ಲ. ಕಾರಿನ ಗಾಜಿಗೆ ಹಚ್ಚುವ ಫಾಸ್ಟ್ಯಾಗ್ ಕೂಡ ಇದೇ ಜಾತಿ. ರೀಡರ್ ಕಳಿಸುವ ಅಲೆಯಿಂದಲೇ ಚಿಪ್ಪಿಗೆ ಕರೆಂಟು ಸಿಗಬೇಕು. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ಬಿಟ್ಟಿದ್ದಾರೆ. ಟ್ಯಾಗಿನ ಆಂಟೆನಾವನ್ನು ಆ ಅಲೆಗೆ ಶ್ರುತಿ ಮಾಡಿರುತ್ತಾರೆ. ಹಿಂದೆ ನೀರು ಬಂದರೆ ಶ್ರುತಿ ಇಳಿದುಬಿಡುತ್ತೆ, ಜೊತೆಗೆ ನೀರು ಶಕ್ತಿಯನ್ನೂ ಹೀರಿಕೊಳ್ಳುತ್ತೆ. ಚಿಪ್ಪಿಗೆ ಕರೆಂಟು ಸಾಲಲ್ಲ, ಉತ್ತರ ಬರಲ್ಲ.

ಯಾವ ವಸ್ತು ಶ್ರುತಿಯನ್ನು ಎಷ್ಟು ಇಳಿಸುತ್ತೆ ಅಂತ ತೋರಿಸುವ ಸಂಖ್ಯೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಅಂತಾರೆ. ಗಾಳಿಗೆ 1. ನೀರಿಗೆ ಸುಮಾರು 80. ನಿನ್ನ ಡ್ರಮ್ಮಿನ ಪ್ಲಾಸ್ಟಿಕ್ಕಿಗೆ 2.3ರ ಹತ್ತಿರ. ಅಡುಗೆ ಎಣ್ಣೆಗೆ 3ರ ಆಸುಪಾಸು. ಅಂದರೆ ಟ್ಯಾಗಿನ ಲೆಕ್ಕದಲ್ಲಿ ಒಳಗೆ ಎಣ್ಣೆ ತುಂಬಿದರೂ ಡ್ರಮ್ಮಿನ ಗೋಡೆ ಇನ್ನಷ್ಟು ದಪ್ಪ ಆದಂತೆ, ಅಷ್ಟೇ.

ಶ್ರುತಿ ಎಷ್ಟು ಜಾರಿತು ಅಂತ ತಾನೇ ಅಂಕಿ ಕೊಡುವ ಚಿಪ್ಪುಗಳಿವೆ, ಮ್ಯಾಗ್ನಸ್ ಎಸ್ ಅಂಥದ್ದು. ಆದರೆ ಆರು ಡ್ರಮ್ಮಿಗೆ ಅದರ ಖರ್ಚು ಬೇಡ. ಕಬ್ಬಿಣದ ಡ್ರಮ್ಮಿಗೆ ಮಾತ್ರ ಈ ಸ್ಟಿಕ್ಕರ್ ಹಚ್ಚಬೇಡ, ಖಾಲಿ ಇದ್ದಾಗಲೂ ಓದಲ್ಲ.

ತೊಗರಿ_ಕಣಜ

ತೂಕ ಮಾಡಿಬಿಡಿ ಅಣ್ಣಾ. ಒಂದು ಲೀಟರ್ ಎಣ್ಣೆ 0.92 ಕೆಜಿ ಬರುತ್ತೆ. 50 ಕೆಜಿಯ ಲೋಡ್ ಸೆಲ್ (ಭಾರ ಅಳೆಯುವ ಸಣ್ಣ ಸಾಧನ) ನಾಲ್ಕು ಕೆಳಗಿಟ್ಟರೆ ಆಯಿತು.

ಗಾಣದಮನೆ, ಕಲಬುರಗಿ

ಮೇಷ್ಟ್ರೇ, ಈಗ ತಿಳಿಯಿತು. ಮೂರು ದಿನದಿಂದ ಅಂಟು ಸರಿ ಇಲ್ಲ ಅಂದುಕೊಂಡು ಕಿತ್ತು ಕಿತ್ತು ಹಚ್ಚುತ್ತಿದ್ದೆ.

ಕಣಜ ಅವರೇ, ಲೆಕ್ಕ ಹಾಕಿದೆ. ತುಂಬಿದ ಡ್ರಮ್ಮಿನ ಎಣ್ಣೆಯೇ 184 ಕೆಜಿ, ಡ್ರಮ್ಮಿನ ತೂಕ ಬೇರೆ. ನಾಲ್ಕೂ ಸೇರಿ 200 ತಡೆಯುತ್ತವೆ, ಅಂಚಿಗೆ ಬಂದುಬಿಡುತ್ತೆ. ಕಟ್ಟೆಯೂ ಮಟ್ಟಸ ಇಲ್ಲ, ಒಂದೇ ಸೆಲ್ ಮೇಲೆ ಜಾಸ್ತಿ ಭಾರ ಬೀಳುತ್ತೆ. ದೊಡ್ಡ ಸೆಲ್ ಹಾಕಿದರೂ ಆರು ಡ್ರಮ್ ಎತ್ತಿ ಕೂರಿಸಬೇಕು.

ಕೋಟೆ_ಓಣಿ, ಬೀದರ್

ಎಣ್ಣೆ ಟ್ಯಾಗಿಗೆ ಕಾಣಲ್ಲ ಅಂದರೆ ಕಾಣುವ ವಸ್ತುವನ್ನೇ ಎಣ್ಣೆ ಜೊತೆ ಓಡಾಡಿಸಿ. ಹಳೆಯ ನೀರಿನ ಟ್ಯಾಂಕ್ ಹೊರಗೆ ಅಂಕಿ ಬರೆದ ಹಲಗೆ, ಅದರ ಮೇಲೆ ಹಗ್ಗಕ್ಕೆ ಕಟ್ಟಿದ ಮುಳ್ಳು ನೋಡಿದ್ದೀರಲ್ಲ? ಅದೇ ಉಪಾಯ. ಒಳಗೆ ಗಟ್ಟಿ ಮುಚ್ಚಳದ, ತಿನ್ನುವ ಪದಾರ್ಥಕ್ಕೆ ನಡೆಯುವ ಬಾಟಲಿ ತೇಲಲಿ. ಮೀನಿನ ಗಾಳದ ದಾರ ಕಟ್ಟಿ, ಮುಚ್ಚಳದ ಸಣ್ಣ ತೂತಿನಿಂದ ತಂದು, ಅಂಚಿನ ರಾಟೆ ಮೇಲೆ ಹೊರಗೆ ಇಳಿಬಿಡಿ. ತುದಿಗೆ ಟ್ಯಾಗಿಗಿಂತ ಅಗಲದ ಅಲ್ಯೂಮಿನಿಯಂ ತಗಡು. ತಗಡು ಯಾವ ಟ್ಯಾಗನ್ನು ಮುಚ್ಚುತ್ತೋ ಅದು ಸುಮ್ಮನಾಗುತ್ತೆ.

ಬಾಟಲಿಯಲ್ಲಿ ನಾಲ್ಕು ಒಣ ಕಲ್ಲು ಹಾಕಿ. ಅದು ತಗಡಿಗಿಂತ ಭಾರ ಇರಬೇಕು, ಇಲ್ಲದಿದ್ದರೆ ಎಣ್ಣೆ ಇಳಿದರೂ ಬಾಟಲಿ ಮೇಲೇ ನೇತಾಡುತ್ತೆ. ಇನ್ನೊಂದು, ಇಲ್ಲಿ ಎಲ್ಲ ತಲೆಕೆಳಗು. ಎಣ್ಣೆ ಇಳಿದರೆ ತಗಡು ಮೇಲೆ ಹೋಗುತ್ತೆ.

ಗಾಣದಮನೆ, ಕಲಬುರಗಿ

ಒಂದು ಡ್ರಮ್ಮಿಗೆ ಮಾಡಿದೆ, ಕೋಟೆ ಓಣಿ ಅಣ್ಣಾ. ಎಂಟರಲ್ಲಿ ಏಳು ಓದಿತು, ಕೆಳಗಿನಿಂದ ಮೂರನೆಯದು ಸುಮ್ಮನಿತ್ತು. ನಮ್ಮ ಡ್ರಮ್ಮಿನಲ್ಲಿ ಹತ್ತು ಸೆಂಟಿಮೀಟರಿಗೆ ಸುಮಾರು 25 ಲೀಟರ್. ಗಾಳಿಗೆ ತಗಡು ತಿರುಗಾಡುತ್ತಿತ್ತು, ಎರಡೂ ಬದಿ ತಂತಿ ಎಳೆದು ಕಟ್ಟಿದ ಮೇಲೆ ನಿಂತಿತು.

ಅಪ್ಪ ಕೋಲು ಹಾಕಿ ತಾಳೆ ನೋಡಿದರು. ಎರಡು ಬೆರಳು ವ್ಯತ್ಯಾಸ ಬಂತು, ಆಗಬಹುದು ಅಂದರು. ರೀಡರ್ ಕಡೆ ಅವರು ನೋಡಲೇ ಇಲ್ಲ. ನೆಲದ ಮೇಲೆ ನಿಂತೇ ತಗಡು ಎಲ್ಲಿದೆ ನೋಡಿ, ಡ್ರಮ್ ಮೇಲೆ ಸುಣ್ಣದಲ್ಲಿ ಗೀರು ಹಾಕಿದರು. ಮಡ್ಡಿ ಎಷ್ಟು ಕೂತಿದೆ ಅಂತ ತಗಡು ಹೇಳಲ್ಲವಲ್ಲ, ಅದಕ್ಕೆ ವಾರಕ್ಕೊಮ್ಮೆ ಕೋಲು ಇಳಿಸಲೇಬೇಕಂತೆ. ಆ ದಿನ ಕಟ್ಟೆ ನಾನು ಹತ್ತುತ್ತೇನೆ. ಉಳಿದ ಐದು ಡ್ರಮ್ಮಿಗೆ ರಾಟೆ ಬೇಕು, ಬೀದರ್‌ನಲ್ಲಿ ಸಣ್ಣವು ಸಿಗುತ್ತವಾ?