ಡಿಸ್ಕ್ ಗಾಲ್ಫ್: ಮುಳ್ಳು ಪೊದೆಯಿಂದ ಎಸೆದ ಡಿಸ್ಕ್ ಮತ್ತೆ ಪೊದೆಗೇ ಬೀಳ್ತಿದೆ, ಏನ್ ಮಾಡ್ಲಿ?

ಬ್ಯಾಕ್‌ಹ್ಯಾಂಡ್ ಭಕ್ತ:
ನಾನು ಡಿಸ್ಕ್ ಗಾಲ್ಫ್ ಆಡ್ತೀನಿ, ಅಂದ್ರೆ ಆದಷ್ಟು ಕಮ್ಮಿ ಎಸೆತದಲ್ಲಿ ಡಿಸ್ಕನ್ನ ಬಾಸ್ಕೆಟ್ಟಿಗೆ ಹಾಕೋ ಆಟ. ಬಲಗೈಯವನು, ಬ್ಯಾಕ್‌ಹ್ಯಾಂಡ್ (ಕೈಯನ್ನ ಎದೆಗೆ ಅಡ್ಡ ತಂದು ಬೀಸೋದು) ಬಿಟ್ರೆ ಬೇರೆ ಎಸೆತ ಅಷ್ಟಕ್ಕಷ್ಟೇ. ಆರನೇ ಹೋಲಲ್ಲಿ (ಒಂದು ಬಾಸ್ಕೆಟ್ಟಿನವರೆಗಿನ ಆಟದ ದಾರಿ) ಎಡಗಡೆ ಪೂರ್ತಿ ಮುಳ್ಳುಕಂಟಿ, ಡ್ರೈವ್ (ಮೊದಲ ದೂರದ ಎಸೆತ) ಕೊನೇಲಿ ಫೇಡ್ ಆಗಿ, ಅಂದ್ರೆ ಎಡಕ್ಕೆ ವಾಲಿ, ಹುಡುಕ್ಕೊಂಡು ಹೋದ ಹಾಗೆ ಅದರೊಳಗೇ ಹೋಗಿ ಕೂರತ್ತೆ. ಒಳಗೆ ಕೈ ಹಿಂದಕ್ಕೆಳೆಯೋಕೆ ಜಾಗ ಇರಲ್ಲ, ಸರಿ ಅಂತ ಮೊಣಕಾಲೂರಿ ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ ಪಕ್ಕದಿಂದ ಬೀಸೋದು) ಎಸೆದ್ರೆ ಡಿಸ್ಕ್ ಮೂತಿ ಎತ್ಕೊಂಡು ಮೇಲಕ್ಕೆದ್ದು ನಾಲ್ಕು ಮಾರು ದೂರದಲ್ಲಿ ಮತ್ತೆ ಪೊದೆಗೇ ಬೀಳತ್ತೆ. ಮೊನ್ನೆ ಆ ಒಂದು ಹೋಲಿಗೇ 9 ಎಸೆತ ಆಯ್ತು. ಇನ್ನೊಂದು, ಅಡ್ಡ ಬರೋ ಕೊಂಬೆ ಬಗ್ಗಿಸಿ ಕಾಲಡಿ ಒತ್ತಿಟ್ಕೊಂಡು ಎಸೆದೆ, ಜೊತೇಲಿ ಆಡೋನು ಪೆನಾಲ್ಟಿ ಅಂತ ಪಟ್ಟು ಹಿಡಿದ. ಹೌದಾ?

ಹಳೇ ಪಟ್ಟರ್:
ಅವರು ಹೇಳಿದ್ದೇ ಸರಿ ಗುರು. ಪಿಡಿಜಿಎ (ಡಿಸ್ಕ್ ಗಾಲ್ಫ್ ಆಟಗಾರರ ಸಂಸ್ಥೆ) ರೂಲ್ ಪ್ರಕಾರ ಬೇರು ಬಿಟ್ಟು ನಿಂತಿರೋ ಗಿಡ ಆದಷ್ಟು ಕಮ್ಮಿ ಅಲುಗಾಡೋ ಹಾಗೆ ನಿಲ್ಲಬೇಕು, ನಿಂತಾದ ಮೇಲೆ ಕೈ ಬೀಸೋಕೆ ಜಾಗ ಮಾಡ್ಕೊಳ್ಳೋ ಹಾಗಿಲ್ಲ, ಮಾಡಿದ್ರೆ 1 ಪೆನಾಲ್ಟಿ, ಅಂದ್ರೆ ಸ್ಕೋರಿಗೆ ಒಂದು ಎಸೆತ ಜಾಸ್ತಿ. ಬೇಕಂತಲೇ ಮುರಿದ್ರೆ 2. ಎಸೆಯುವಾಗ ಕೈ ತಾಗಿ ಎಲೆ ಅಲ್ಲಾಡಿದ್ರೆ ಏನೂ ಇಲ್ಲ. ಕಿತ್ತು ಬಿದ್ದಿರೋ ಒಣ ಕೊಂಬೆ ನೀವು ಕಾಲಿಡೋ ಜಾಗದಲ್ಲಿದ್ರೆ ಎತ್ತಿ ಪಕ್ಕಕ್ಕಿಡಬಹುದು.

ಆಮೇಲೆ ಮಂಡಿ ಕೆಳಗೆ ಟವೆಲ್ ಹಾಕ್ಕೊಳ್ಳಿ, ಒತ್ತಿದಾಗ 1 ಸೆಂಟಿಮೀಟರಿಗಿಂತ ತೆಳ್ಳಗಿದ್ರೆ ನಡೆಯತ್ತೆ. ಮುಳ್ಳು ಚುಚ್ಚುತ್ತಾ ಅಂತ ಅರ್ಧ ಮೈ ಮೇಲೆತ್ಕೊಂಡು ಎಸೆದ್ರೆ ಯಾವ ಡಿಸ್ಕೂ ನೆಟ್ಟಗೆ ಹೋಗಲ್ಲ.

ಮಿಡ್‌ರೇಂಜ್ ಮಾಮ:
ಮೂತಿ ಏಳೋದಕ್ಕೆ ಕಾರಣ ಹೇಳ್ತೀನಿ. ಮಂಡಿಯೂರಿದಾಗ ಕೈ ನೆಲದ ಹತ್ರ ಬರತ್ತೆ, ನೀವು ಪೊದೆ ಮೇಲಿಂದ ದಾಟಿಸ್ಬೇಕು ಅಂತ ಅಂಗೈ ಆಕಾಶ ನೋಡೋ ಹಾಗೆ ಮಣಿಕಟ್ಟು ಹಿಂದಕ್ಕೆ ವಾಲಿಸ್ತೀರ, ಡಿಸ್ಕಿನ ಮುಂದಿನ ಅಂಚು ಎದ್ದು ಗಾಳಿಗೆ ಹೊಟ್ಟೆ ಕೊಡತ್ತೆ, ಅಲ್ಲಿಗೆ ಮುಗೀತು. ಜೊತೆಗೆ ಸೊಂಟ ತಿರುಗಲ್ಲ, ಆ ಬಲಾನೆಲ್ಲ ತೋಳಿಂದ ತೆಗಿಯೋಕೆ ಹೋದ್ರೆ ಡಿಸ್ಕ್ ನಡುಗುತ್ತೆ. ಮೊಣಕೈ ಪಕ್ಕೆ ಹತ್ರ ಇಟ್ಕೊಂಡು ಕೈ ಒಂದು ಗೇಣು ಮಾತ್ರ ಹಿಂದಕ್ಕೆ, ಉಳಿದಿದ್ದೆಲ್ಲ ಮಣಿಕಟ್ಟಿನ ಚಟಕ್. ಎತ್ತರ ಬೇಕಂದ್ರೆ ಮೈಯನ್ನೇ ಹಿಂದಕ್ಕೆ ವಾಲಿಸಿ, ಡಿಸ್ಕ್ ಮಾತ್ರ ಎಸೆಯೋ ದಾರಿಗೆ ಸಮ ಇರ್ಲಿ. ಡ್ರೈವರ್ (ದೂರ ಹೋಗೋ ಡಿಸ್ಕ್) ಬ್ಯಾಗಲ್ಲೇ ಇರ್ಲಿ, ಅಷ್ಟು ಸ್ಪೀಡ್ ಕೂತಲ್ಲಿ ಬರಲ್ಲ. ನಿಧಾನದ ಡಿಸ್ಕ್, ಪಟ್ಟರೋ ಮಿಡ್‌ರೇಂಜೋ ತಗೊಳ್ಳಿ.

ಇದಕ್ಕಿಂತ ಮುಖ್ಯ, ಬಾಸ್ಕೆಟ್ ಕಡೆ ನೋಡ್ಲೇಬೇಡಿ. ಕೂತ್ಕೊಂಡು ಸುತ್ತ ನೋಡಿ, ಪೊದೆ ಬುಡದಲ್ಲಿ ಎಲೆ ಕಮ್ಮಿ, ಕಿಂಡಿ ಅಲ್ಲೇ ಇರತ್ತೆ. ಪಕ್ಕಕ್ಕಾಗ್ಲಿ ಹಿಂದಕ್ಕಾಗ್ಲಿ ಫೇರ್‌ವೇಗೆ (ಆಡೋ ತೆರೆದ ದಾರಿ) ತಳ್ಳಿ ಸಾಕು. ಮೇಲೆ ಮಾತ್ರ ತೆರಪಿದ್ರೆ ಥಂಬರ್ (ಹೆಬ್ಬೆರಳು ಡಿಸ್ಕ್ ಒಳಗಿಟ್ಟು ಎಸೆಯೋದು), ಆದ್ರೆ ಅದಕ್ಕೆ ಎದ್ದು ನಿಂತು ತಲೆ ಮೇಲಿಂದ ಕೈ ಬೀಸೋಷ್ಟು ಜಾಗ ಇರ್ಬೇಕು.

ಬ್ಯಾಕ್‌ಹ್ಯಾಂಡ್ ಭಕ್ತ:
ಕಿಂಡೀನೇ ಇಲ್ಲ ಅಂದ್ರೆ? ಒಂದ್ಸಲ ಮಿನಿ (ಡಿಸ್ಕ್ ಬಿದ್ದ ಜಾಗ ಗುರುತು ಮಾಡೋ ಪುಟ್ಟ ಡಿಸ್ಕ್) ಇಡೋಕೇ ಕೈ ತೂರಲಿಲ್ಲ, ಅಂಗಿ ತೋಳು ಸಿಕ್ಕಾಕ್ಕೊಂಡು ಬಿಡಿಸ್ಕೊಳ್ಳೋಕೆ ಇನ್ನೊಬ್ಬರು ಬರ್ಬೇಕಾಯ್ತು 😅

ಹಳೇ ಪಟ್ಟರ್:
ಆಗ 1 ಪೆನಾಲ್ಟಿ ತಗೊಂಡು ರಿಲೀಫ್, ಅಂದ್ರೆ ಎಸೆಯೋ ಜಾಗ ಬದಲಾಯಿಸ್ಕೊಳ್ಳೋದು. ಬಾಸ್ಕೆಟ್ಟಿಂದ ನಿಮ್ಮ ಲೈ (ಡಿಸ್ಕ್ ಬಿದ್ದ ಜಾಗ) ಮೂಲಕ ಒಂದು ಗೆರೆ ಎಳೆದಂಗೆ ಅಂದ್ಕೊಳ್ಳಿ, ಆ ಗೆರೆ ಮೇಲೆ ಎಷ್ಟು ಹಿಂದಕ್ಕೆ ಬೇಕಾದ್ರೂ ಹೋಗಬಹುದು, ಮುಂದಕ್ಕೆ ಬರೋ ಹಾಗಿಲ್ಲ. ಹಿಂದೇನೂ ಪೊದೆನೇ ಇದ್ರೆ 1 ಪೆನಾಲ್ಟಿಗೇ ಹಿಂದಿನ ಸಲ ಎಸೆದ ಜಾಗಕ್ಕೆ ಹೋಗಿ ಮತ್ತೆ ಎಸೀಬಹುದು. ಒಂದು ಕೊಟ್ಟು ಹೊರಬರೋದು ಎರಡ್ಮೂರು ಎಸೆತ ಒಳಗೇ ಸುರಿಯೋದಕ್ಕಿಂತ ಅಗ್ಗ. ಡಿಸ್ಕ್ ಹುಡುಕೋಕೆ 3 ನಿಮಿಷ ಅಷ್ಟೇ ಅನ್ನೋದೂ ನೆನಪಿರ್ಲಿ.

ಬ್ಯಾಕ್‌ಹ್ಯಾಂಡ್ ಭಕ್ತ:
ಅಪ್‌ಡೇಟ್: ಇವತ್ತೂ ಆರನೇದ್ರಲ್ಲಿ ಅಲ್ಲಿಗೇ ಹೋಯ್ತು, ಅದೇನು ಋಣವೋ. ಟವೆಲ್ ಹಾಸಿ ಪಟ್ಟರಲ್ಲಿ ಚಟಕ್ ಅನ್ಸಿದೆ, ಬುಡದ ಕಿಂಡೀಲಿ ಹೊರಗೆ ಜಾರಿ ಫೇರ್‌ವೇ ಮಧ್ಯ ನಿಂತಿತು. ಅಲ್ಲಿಂದ ಬಾಸ್ಕೆಟ್ ಹತ್ರಕ್ಕೆ ಒಂದು ಅಪ್ರೋಚ್, ಒಳಗೆ ಹಾಕೋಕೆ ಒಂದು ಪಟ್, ಒಟ್ಟು 4 ಎಸೆತ. ಟವೆಲ್ ಮಾತ್ರ ಇನ್ನು ಮುಖಕ್ಕಾಗಲ್ಲ, ತುಂಬಾ ಮುಳ್ಳು.