ಮೊದಲ ಸಲ ಓದಲು ಹೊರದೇಶಕ್ಕೆ: ಕೈಚೀಲದಲ್ಲಿ ಏನಿರಬೇಕು, ಸೂಟ್‌ಕೇಸ್‌ನಲ್ಲಿ ಏನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇನ್ನು 22 ದಿನಕ್ಕೆ ಮಾಸ್ಟರ್ಸ್ ಓದಲು ಹೊರಡುತ್ತಿದ್ದೇನೆ. ಮನೆಯಲ್ಲಿ ಇದುವರೆಗೆ ಯಾರೂ ವಿಮಾನ ಹತ್ತಿದವರಲ್ಲ, ಹಾಗಾಗಿ ಕೇಳಲು ಯಾರೂ ಇಲ್ಲ. ವೀಸಾ ಬಂದಿದೆ. 23 ಕೆಜಿಯ ಎರಡು ಸೂಟ್‌ಕೇಸ್, ಕೈಯಲ್ಲಿ 7 ಕೆಜಿ ಅಂತ ಟಿಕೆಟ್‌ನಲ್ಲಿದೆ. ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕು.

ಏನೇನು ಒಯ್ಯಬೇಕು ಅನ್ನುವ ಪಟ್ಟಿಗಳು ಬೇಕಾದಷ್ಟಿವೆ. ಯಾವುದು ಎಲ್ಲಿರಬೇಕು ಅಂತ ಯಾರೂ ಹೇಳುವುದಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ಕೈಚೀಲದಲ್ಲಿಟ್ಟರೆ ಎಲ್ಲಾದರೂ ಮರೆತುಬಿಡ್ತೀಯ, ಸೂಟ್‌ಕೇಸ್ ತಳದಲ್ಲಿಡು ಅಂತ ಅಮ್ಮ. ನನಗೆ ಉಬ್ಬಸ ಬೇರೆ ಇದೆ. ಇನ್‌ಹೇಲರ್ ಆರು ತಿಂಗಳಿಗಾಗುವಷ್ಟು ಒಯ್ಯಬಹುದಾ?

ಉತ್ತರ 1

ಅಮ್ಮನ ಭಯ ಅರ್ಥವಾಗುತ್ತದೆ. ಆದರೂ ದಯವಿಟ್ಟು ಸೂಟ್‌ಕೇಸ್‌ನಲ್ಲಿಡಬೇಡಿ. ನಾನು ಇಟ್ಟಿದ್ದೆ.

ಇಳಿದು ಲಗೇಜ್ ಬರುವ ಬೆಲ್ಟ್ ಹತ್ತಿರ ನಿಂತೆ. ಒಬ್ಬೊಬ್ಬರೇ ತಮ್ಮ ಚೀಲ ಎತ್ತಿಕೊಂಡು ಹೋದರು. ಕೊನೆಗೆ ಮಗುವಿನ ತಳ್ಳುಗಾಡಿಯೊಂದು ಎರಡು ಸುತ್ತು ಬಂತು, ಬೆಲ್ಟ್ ನಿಂತುಹೋಯಿತು. ನನ್ನ ಎರಡೂ ಸೂಟ್‌ಕೇಸ್ ಬಂದಿದ್ದು ನಾಲ್ಕು ದಿನ ಬಿಟ್ಟು. ಮರುದಿನವೇ ಕಾಲೇಜಿನಲ್ಲಿ ದಾಖಲಾತಿ ಇತ್ತು. ಒರಿಜಿನಲ್ ಇಲ್ಲದೆ ಆಗಲ್ಲ ಅಂದರು. ಬಟ್ಟೆ ಇಲ್ಲದ್ದು ನನಗೇನೂ ದೊಡ್ಡದಾಗಲಿಲ್ಲ. ಆ ಕಾಗದಗಳು ಇನ್ನು ಸಿಗುತ್ತವೋ ಇಲ್ಲವೋ ಅಂತ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಇನ್ನೊಂದು ತಪ್ಪೂ ಆಯಿತು. ದೂರು ಬರೆಸುವಾಗ ಚೀಲ ಎಲ್ಲಿಗೆ ತಲುಪಿಸಬೇಕು ಅಂತ ಕೇಳಿದರು. ಹಾಸ್ಟೆಲ್ ವಿಳಾಸ ಇಮೇಲ್‌ನಲ್ಲಿತ್ತು, ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ಪಾಸ್‌ಪೋರ್ಟ್, ಪ್ರವೇಶ ಪತ್ರ, ಹಣದ ದಾಖಲೆ, ಒರಿಜಿನಲ್‌ಗಳು ಎಲ್ಲ ಒಂದೇ ಫೈಲ್‌ನಲ್ಲಿರಲಿ. ಮೇಲಿನ ಹಾಳೆಯಲ್ಲಿ ಹಾಸ್ಟೆಲ್‌ನ ಪೂರ್ತಿ ವಿಳಾಸ, ಕಾಲೇಜಿನ ಫೋನ್ ನಂಬರ್ ಕೈಯಲ್ಲೇ ಬರೆದಿಡಿ. ಇಮಿಗ್ರೇಷನ್‌ನಲ್ಲೂ (ಪಾಸ್‌ಪೋರ್ಟ್, ವೀಸಾ ನೋಡಿ ಒಳಗೆ ಬಿಡುವಲ್ಲಿ) ಎಲ್ಲಿ ಉಳಿಯುತ್ತೀರಿ ಅಂತ ಕೇಳುತ್ತಾರೆ. ಫೈಲ್ ಸೀಟಿನ ಕೆಳಗಿಡುವ ಚೀಲದಲ್ಲಿರಲಿ. ತಲೆ ಮೇಲಿನ ಗೂಡಿನಲ್ಲಿ ಬೇಡ, ಅಮ್ಮ ಹೇಳುವ ಹಾಗೆ ಮರೆಯುವುದು ಅಲ್ಲೇ. ಎಲ್ಲದರ ಸ್ಕ್ಯಾನ್ ಮನೆಯಲ್ಲೂ ಒಂದು ಇರಲಿ. ಒಂದು ಜೊತೆ ಬಟ್ಟೆಯನ್ನೂ ಕೈಚೀಲಕ್ಕೆ ಹಾಕಿ.

ಅಕಸ್ಮಾತ್ ಚೀಲ ಬರದಿದ್ದರೆ ವಿಮಾನ ನಿಲ್ದಾಣ ಬಿಡುವ ಮುಂಚೆಯೇ ಪಿಐಆರ್ (ಚೀಲ ಬಂದಿಲ್ಲ ಅಂತ ಅಲ್ಲೇ ದಾಖಲಿಸುವ ವರದಿ) ಬರೆಸಿ, ಅದರ ನಂಬರ್ ಇಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್‌ಗೆ ಅಂಟಿಸಿದ ಲಗೇಜ್ ಚೀಟಿ ಎಸೆಯಬೇಡಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೀಲ ಒಡೆದಿದ್ದರೆ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಪರಿಹಾರಕ್ಕಾಗಿ ಬರಹದಲ್ಲಿ ದೂರು ಕೊಡಬೇಕು. ಈ ಗಡುವು ಗೊತ್ತಿಲ್ಲದೆ ನಾನು ಪರಿಹಾರವನ್ನೂ ಕಳೆದುಕೊಂಡೆ.

ಉತ್ತರ 2

ಇನ್‌ಹೇಲರ್ ಬಗ್ಗೆ ಮಾತ್ರ ಹೇಳುತ್ತೇನೆ, ನನಗೂ ಉಬ್ಬಸ ಇದೆ. ಎಷ್ಟು ಒಯ್ಯಬಹುದು ಅನ್ನುವುದು ಹೋಗುವ ದೇಶದ ಮೇಲೆ. ವೈದ್ಯರು ಬರೆದುಕೊಟ್ಟ ಔಷಧಿಗಳು ಆಸ್ಟ್ರೇಲಿಯಾಕ್ಕೆ 3 ತಿಂಗಳಿಗಾಗುವಷ್ಟು, ಜಪಾನ್‌ಗೆ ಮುಂಚಿತ ಅನುಮತಿ ಇಲ್ಲದೆ 1 ತಿಂಗಳಿಗಾಗುವಷ್ಟು. ಹಾಗಾಗಿ ಆರು ತಿಂಗಳದ್ದು ಅಂತ ಸುಮ್ನೆ ತುಂಬಿಕೊಳ್ಳಬೇಡಿ, ಮೊದಲು ಆ ದೇಶದ ಸರ್ಕಾರಿ ಪುಟ ನೋಡಿ.

ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆಸಿ. ಅದೂ ಬೇರೆ ಬೇರೆ ಇರುತ್ತದೆ. ನಾವು ಸಾಲ್ಬುಟಮಾಲ್ ಅನ್ನುವುದಕ್ಕೆ ಅಮೆರಿಕದಲ್ಲಿ ಆಲ್ಬುಟೆರಾಲ್ ಅನ್ನುತ್ತಾರೆ, ಪ್ಯಾರಸಿಟಮಾಲ್‌ಗೆ ಅಸಿಟಮಿನೋಫೆನ್. ಡಬ್ಬಿಯಿಂದ ತೆಗೆದು ಬೇರೆ ಕಡೆ ಹಾಕಬೇಡಿ. ಒಂದು ಇನ್‌ಹೇಲರ್ ಮಾತ್ರ ಜೇಬಿನಲ್ಲೇ ಇರಲಿ. ಹಾರುವಾಗ ಎದೆ ಬಿಗಿದರೆ ಚೀಲ ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ.

ಉತ್ತರ 3

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸ್‌ಗೆ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಒಳಗಿರಲಿ. 20,000 ಎಂಎಎಚ್‌ದು ಸುಮಾರು 74 ಆಗುತ್ತದೆ, ತೊಂದರೆಯಿಲ್ಲ.

ಅದಕ್ಕಿಂತ ಮುಖ್ಯ: ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿವೆಯಾ ನೋಡಿ. ಬೇರೆ ಬೇರೆ ಟಿಕೆಟ್ ಆದರೆ ನಡುವೆ ಸೂಟ್‌ಕೇಸ್ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು. ಅದಕ್ಕೆ ಇಮಿಗ್ರೇಷನ್ ದಾಟಬೇಕು, ಆಗ ಆ ದೇಶದ ವೀಸಾನೂ ಬೇಕಾಗಬಹುದು. ಅಮೆರಿಕದಲ್ಲಿ ಬದಲಿಸುವುದಾದರೆ ಸುಮ್ನೆ ಹಾದುಹೋಗುವವರೂ ಇಮಿಗ್ರೇಷನ್ ದಾಟಲೇಬೇಕು.

ಬ್ಯಾಂಕ್‌ಗೆ ಕೊಟ್ಟ ಸಿಮ್‌ನಲ್ಲಿ ರೋಮಿಂಗ್ ಹಾಕಿಸಿ. ಒಟಿಪಿ ಬರದಿದ್ದರೆ ಖಾತೆಯಲ್ಲಿ ಹಣವಿದ್ದರೂ ಮುಟ್ಟಲು ಆಗದೆ ಹೋಗಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಲ್ಟ್ ನಿಂತುಹೋದ ಕತೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅವರೇ ಎದ್ದು ಹೋಗಿ ಮಾರ್ಕ್ಸ್ ಕಾರ್ಡ್‌ಗಳನ್ನು ಸೂಟ್‌ಕೇಸ್‌ನಿಂದ ತೆಗೆದು ಫೈಲ್‌ಗೆ ಹಾಕಿದರು. ವಿಳಾಸದ ಹಾಳೆಯನ್ನೂ ಅವರ ಕೈಯಲ್ಲೇ ಬರೆಸಿದೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿವೆ, ನೋಡಿದೆ. ನಾಳೆ ಬೆಳಿಗ್ಗೆ ವೈದ್ಯರ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಬರುತ್ತೇನೆ.